‘ಗ್ಯಾಸ್’ ಎಂಬ ಹೆಸರಿನ ಹಿಂದೆ ಅಡಗಿರುವ ರೋಗಗಳು

ಎದೆಯುರಿ, ಹುಳಿತೇಗು, ಹೊಟ್ಟೆಯುಬ್ಬರ, ಅಜೀರ್ಣ, ಮೇಲ್ಹೊಟ್ಟೆಯ ನೋವು ಇವೆಲ್ಲಕ್ಕೂ ನಮ್ಮ ಜನರು ಇಟ್ಟಿರುವ ಹೆಸರು ಒಂದೇ: ‘ಗ್ಯಾಸ್’. ಶಿವಮೊಗ್ಗ ನಗರದಿಂದಲೂ ಭದ್ರಾವತಿಯಿಂದಲೂ ನಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಅನೇಕರು ರೋಗದ ಹೆಸರನ್ನೂ ಮಾತ್ರೆಯ ಹೆಸರನ್ನೂ ತಾವೇ ಹೇಳುತ್ತಾರೆ. ಔಷಧಿ ಅಂಗಡಿಯಿಂದ ತಂದ ಪ್ಯಾಂಟೊಪ್ರಜೋಲ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದವರುಂಟು. ಆಯುರ್ವೇದದಿಂದ ಅಪಾಯವಿಲ್ಲವೆಂದು ಯಾವುದೋ ಚೂರ್ಣವನ್ನು ತಾವಾಗಿಯೇ ಸೇವಿಸಿದವರೂ ಉಂಟು. ಎರಡರ ದೋಷವೂ ಒಂದೇ. ರೋಗವನ್ನು ಅರಿಯುವ ಮೊದಲೇ ಮದ್ದು ಹೊಟ್ಟೆ ಸೇರಿರುತ್ತದೆ.

‘ಆಯುರ್ವೇದ ವೈದ್ಯರಾದ ನೀವೂ ಎಂಡೋಸ್ಕೋಪಿಗೆ ಕಳುಹಿಸುವಿರಾ?’ ಎಂದು ಕೆಲವರು ಕೇಳುತ್ತಾರೆ. ಮೊದಲು ರೋಗವನ್ನು ಪರೀಕ್ಷಿಸಬೇಕು, ಅನಂತರ ಔಷಧವನ್ನು ಯೋಚಿಸಬೇಕು ಎಂಬುದು ಚರಕಾಚಾರ್ಯರ ಮತ. ಅಮ್ಲಪಿತ್ತವನ್ನು ವಿವರಿಸುವ ಮಾಧವನಿದಾನವಂತೂ ರೋಗನಿರ್ಣಯಕ್ಕೇ ಮೀಸಲಾದ ಗ್ರಂಥ. ಪ್ರಾಚೀನರು ನಾಡಿ, ನಾಲಿಗೆ, ಮಲಮೂತ್ರಗಳನ್ನು ನೋಡಿ ಅರಿಯಲೆತ್ನಿಸಿದರು. ಇಂದು ಜಠರದ ಒಳಗನ್ನೇ ಕಣ್ಣಾರೆ ಕಾಣುವ ಉಪಕರಣವಿರುವಾಗ ಅದನ್ನು ಬೇಡವೆನ್ನುವುದು ಶಾಸ್ತ್ರನಿಷ್ಠೆಯಲ್ಲ.

ಜಠರದ ಹುಣ್ಣಿಗೆ ಚಿಂತೆ ಮತ್ತು ಖಾರವೇ ಕಾರಣವೆಂದು ವೈದ್ಯಲೋಕವೂ ಬಹುಕಾಲ ನಂಬಿತ್ತು. ಬಹುಪಾಲು ಹುಣ್ಣುಗಳಿಗೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಜೀವಾಣು ಕಾರಣವೆಂದು ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ತೋರಿಸಿಕೊಟ್ಟರು. 2005ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. ಇನ್ನೊಂದು ಮುಖ್ಯ ಕಾರಣವು ಮಂಡಿನೋವಿಗೆಂದು ವೈದ್ಯರನ್ನು ಕೇಳದೆ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆಗಳು. ಈ ಎರಡು ಕಾರಣಗಳೂ ‘ಗ್ಯಾಸ್ ಮಾತ್ರೆ’ಯೊಂದರಿಂದಲೇ ತೊಲಗುವುದಿಲ್ಲ. ಅದು ಉರಿಯನ್ನು ತಣಿಸುತ್ತದೆ. ಕೆಲವೊಮ್ಮೆ ಒಳಗಿನ ಗಂಭೀರ ರೋಗವನ್ನೂ ಮರೆಮಾಡುತ್ತದೆ.

ಹಾಗೆಂದು ಪ್ರತಿಯೊಂದು ಹುಳಿತೇಗಿಗೂ ಎಂಡೋಸ್ಕೋಪಿ ಬೇಕಿಲ್ಲ. ಆದರೆ ನುಂಗುವಾಗ ಆಹಾರ ಸಿಕ್ಕಿಕೊಂಡಂತಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಪದೇಪದೇ ವಾಂತಿ, ರಕ್ತಹೀನತೆ, ಐವತ್ತು ದಾಟಿದ ಮೇಲೆ ಹೊಸದಾಗಿ ಆರಂಭವಾದ ಅಜೀರ್ಣ ಇವುಗಳಲ್ಲಿ ಒಂದಿದ್ದರೂ ಪರೀಕ್ಷೆಯನ್ನು ಮುಂದೂಡಬಾರದು. ಅಡಿಕೆ ನಮ್ಮ ಮಲೆನಾಡಿನ ಜೀವನಾಧಾರ. ಆದರೂ ಹೊಗೆಸೊಪ್ಪಿನೊಡನೆ ಅದನ್ನು ಬಹುಕಾಲ ಜಗಿದವರು ನುಂಗುವ ತೊಂದರೆಯನ್ನು ಎಂದಿಗೂ ಕಡೆಗಣಿಸಬಾರದು. ರಕ್ತವಾಂತಿಯಾದರೆ, ಮಲವು ಡಾಂಬರಿನಂತೆ ಕಪ್ಪಾದರೆ, ಅಂದೇ ಆಸ್ಪತ್ರೆ ಸೇರಬೇಕು. ಎದೆಯ ಉರಿಯೊಡನೆ ಬೆವರು, ಉಸಿರಾಟದ ಕಷ್ಟ, ತೋಳು ಅಥವಾ ದವಡೆಯ ನೋವು ಕಂಡರೆ ಅದು ಹೃದಯಾಘಾತವಿರಬಹುದು. ಆಗ ಸೋಡಾ ಕುಡಿಸುತ್ತ ಕಾಯದೆ ಕೂಡಲೇ ಇಸಿಜಿ ಮಾಡಿಸಬೇಕು.

ಭದ್ರಾವತಿಯಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬಸ್ಸಿನಲ್ಲಿ ಬರುವುದು ದೂರದ ಮಾತಲ್ಲ. ಜನರನ್ನು ತಡೆಯುವುದು ದೂರವಲ್ಲ, ‘ಪೈಪು ಬಿಡುತ್ತಾರೆ’ ಎಂಬ ಭಯ. ಆರರಿಂದ ಎಂಟು ಗಂಟೆ ಖಾಲಿ ಹೊಟ್ಟೆಯಲ್ಲಿರಬೇಕು. ಗಂಟಲಿಗೆ ಮರಗಟ್ಟಿಸುವ ಔಷಧ ಸಿಂಪಡಿಸುತ್ತಾರೆ. ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಪರೀಕ್ಷೆ ಮುಗಿಯುತ್ತದೆ. ‘ಸ್ಕ್ಯಾನಿಂಗ್‌ನಲ್ಲಿ ಏನೂ ಇಲ್ಲ’ ಎಂದು ನಿಶ್ಚಿಂತರಾಗುವವರು ಒಂದನ್ನು ತಿಳಿಯಬೇಕು: ಹೊಟ್ಟೆಯ ಅಲ್ಟ್ರಾಸೌಂಡ್ ಪಿತ್ತಕೋಶದ ಕಲ್ಲನ್ನು ಚೆನ್ನಾಗಿ ತೋರಿಸುತ್ತದೆ, ಜಠರದ ಹುಣ್ಣನ್ನು ತೋರಿಸುವ ಪರೀಕ್ಷೆ ಅದಲ್ಲ. ಪೈಲೋರಿ ಪರೀಕ್ಷೆಗೆ ಹೋಗುವವರು ಆಮ್ಲ ತಗ್ಗಿಸುವ ಮಾತ್ರೆಯನ್ನು ವೈದ್ಯರನ್ನು ಕೇಳಿ ಎರಡು ವಾರ ಮೊದಲೇ ನಿಲ್ಲಿಸಬೇಕಾಗುತ್ತದೆ. ಇಲ್ಲವಾದರೆ ಇರುವ ಜೀವಾಣುವೂ ಇಲ್ಲವೆಂದು ಫಲಿತಾಂಶ ಬರಬಹುದು.

ಔಷಧ ಸೇವನೆಗೂ ಕ್ರಮವುಂಟು. ಪ್ಯಾಂಟೊಪ್ರಜೋಲ್‌ನಂತಹ ಮಾತ್ರೆಯನ್ನು ಆಹಾರಕ್ಕೆ ಅರ್ಧ ಗಂಟೆ ಮೊದಲು ಸೇವಿಸಬೇಕು. ಇಷ್ಟಲಿಂಗ ಪೂಜೆ ಮುಗಿಯುವವರೆಗೆ ಹನಿ ನೀರನ್ನೂ ಮುಟ್ಟದ ಹಿರಿಯರು ಪೂಜೆ, ಉಪಾಹಾರ ಎರಡೂ ಆದ ಮೇಲೆ ಅದನ್ನು ನುಂಗುವುದರಿಂದ ಅದರ ಫಲ ಕುಗ್ಗುತ್ತದೆ. ಪೂಜೆ ಮುಗಿದೊಡನೆ ಮಾತ್ರೆ ಸೇವಿಸಿ, ಅರ್ಧ ಗಂಟೆ ಕಳೆದು ಪ್ರಸಾದ ಸ್ವೀಕರಿಸಿದರೆ ನೇಮಕ್ಕೂ ಭಂಗವಿಲ್ಲ, ಔಷಧವೂ ವ್ಯರ್ಥವಲ್ಲ. ಪೈಲೋರಿಗೆ ಕೊಡುವ ಪ್ರತಿಜೀವಕಗಳನ್ನು ಉರಿ ಶಮನವಾಯಿತೆಂದು ನಡುವೆ ಬಿಡಬಾರದು. ಹೇಳಿದಷ್ಟು ದಿನ, ಸಾಮಾನ್ಯವಾಗಿ ಹದಿನಾಲ್ಕು ದಿನ, ಪೂರ್ತಿ ಸೇವಿಸಬೇಕು. ನಮ್ಮ ಔಷಧಗಳನ್ನು ಸೇವಿಸುವವರು ಆ ವಿಷಯವನ್ನು ಅಲೋಪಥಿ ವೈದ್ಯರಿಗೂ ತಿಳಿಸಬೇಕು. ಮಂಡೂರ ಭಸ್ಮವಾಗಲಿ ಕಬ್ಬಿಣದ ಮಾತ್ರೆಯಾಗಲಿ ಮಲವನ್ನು ಕಪ್ಪಾಗಿಸುತ್ತದೆ. ಅದು ತಿಳಿಯದಿದ್ದರೆ ರಕ್ತಸ್ರಾವದ ನಿರ್ಣಯವೇ ತೊಡಕಾಗುತ್ತದೆ.

ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳನ್ನು ಚರಕರು ಹೇಳಿದ್ದಾರೆ. ಪರಿಚಾರಕನಿಗೆ ಉಪಚಾರದ ತಿಳಿವಳಿಕೆ, ದಕ್ಷತೆ, ರೋಗಿಯಲ್ಲಿ ಪ್ರೀತಿ, ಶುಚಿತ್ವ ಇರಬೇಕೆಂದಿದ್ದಾರೆ. ನಮ್ಮ ಮನೆಗಳಲ್ಲಿ ಪ್ರೀತಿಗೆ ಕೊರತೆಯಿಲ್ಲ. ಆದರೆ ‘ಇನ್ನೊಂದು ತುತ್ತು’ ಎಂದು ಒತ್ತಾಯಿಸುವ ಪ್ರೀತಿ ಜಠರರೋಗಿಗೆ ಹಿತವಲ್ಲ. ಹಸಿವೆಯಾದಾಗ ಸ್ವಲ್ಪಸ್ವಲ್ಪವಾಗಿ ಮೆತ್ತನೆಯ ಅನ್ನ, ಗಂಜಿ, ಹೆಸರುಬೇಳೆಯ ತಿಳಿಸಾರು ಕೊಡಬೇಕು. ರಾತ್ರಿಯ ಊಟಕ್ಕೂ ಮಲಗುವುದಕ್ಕೂ ಎರಡು ಮೂರು ಗಂಟೆಗಳ ಅಂತರವಿರಬೇಕು. ಕಾರ್ಖಾನೆಯ ಪಾಳಿಯಲ್ಲಿ ದುಡಿದು ಹೊತ್ತಲ್ಲದ ಹೊತ್ತಿನಲ್ಲಿ ಉಂಡು ರೂಢಿಯಾದ ಭದ್ರಾವತಿಯ ಹಿರಿಯರಿಗೆ ಇದು ಕಷ್ಟ. ಮನೆಯವರು ಅವರೊಡನೆ ಬೇಗ ಉಣ್ಣಲು ಕುಳಿತರೆ ಸುಲಭ. ವಾಂತಿಭೇದಿಯಾದಾಗ ಓಆರ್‌ಎಸ್ ದ್ರಾವಣವನ್ನು ಗುಟುಕುಗುಟುಕಾಗಿ ಕುಡಿಸಬೇಕು. ತೂಕ, ಮಲದ ಬಣ್ಣ, ಸೇವಿಸಿದ ಮಾತ್ರೆಗಳನ್ನು ಒಂದು ಪುಸ್ತಕದಲ್ಲಿ ಬರೆದು ತಂದರೆ ವೈದ್ಯರ ಅರ್ಧ ಕೆಲಸ ಹಗುರವಾಗುತ್ತದೆ.

ಈ ಸೇವೆಯ ಭಾರವನ್ನೆಲ್ಲ ಮನೆಯ ಸೊಸೆಯೊಬ್ಬಳ ಮೇಲೆ ಹೊರಿಸುವುದು ಸಲ್ಲದೆಂಬುದು ನಮ್ಮ ದೃಢವಾದ ಅಭಿಪ್ರಾಯ. ಮಠದಲ್ಲಿ ದಾಸೋಹಕ್ಕೆ ನಿಂತಾಗ ಗಂಡಸರೂ ಬಡಿಸುತ್ತಾರೆ, ಎಲೆ ತೆಗೆಯುತ್ತಾರೆ. ಅದೇ ಕೈಗಳು ಮನೆಯಲ್ಲಿ ತಾಯಿಗೆ ಗಂಜಿ ಕಾಯಿಸಿ ಕೊಡಲು, ತಂದೆಯ ವಾಂತಿಯನ್ನು ಶುಚಿಗೊಳಿಸಲು ಹಿಂಜರಿಯಬಾರದು. ರೋಗಿಯ ಸೇವೆಯೂ ದಾಸೋಹವೇ. ಮನೆಯಲ್ಲಿ ಯಾರಾದರೂ ತಿಂಗಳುಗಟ್ಟಲೆ ‘ಗ್ಯಾಸ್ ಮಾತ್ರೆ’ ನುಂಗುತ್ತಿದ್ದರೆ, ಮುಂದಿನ ಪಟ್ಟಿಯನ್ನು ಕೊಳ್ಳುವ ಮೊದಲು ಅವರನ್ನು ವೈದ್ಯರಲ್ಲಿಗೆ ಕರೆದೊಯ್ಯುವುದರಿಂದಲೇ ಆ ದಾಸೋಹ ಆರಂಭವಾಗಲಿ.