ಗುದ್ದಾಟದಿಂದ ಕೋಚ್ ಹುಟ್ಟೋದಿಲ್ಲ ಸ್ವಾಮೀ!

ಬಹಳ ದಿನದಿಂದ ಈ ಕಡೆ ತಲೆ ಹಾಕಿರಲಿಲ್ಲ, ಕ್ಷಮೆ ಇರಲಿ. ಇವತ್ತು ಬರೆಯೋಕೆ ಕಾರಣ ಸಿಟ್ಟು. ಸಿಟ್ಟು ಬಂದಾಗ ಬರೆಯಬಾರದು ಅಂತಾರೆ. ಆದರೆ ಸಿಟ್ಟು ಇಳಿದ ಮೇಲೆ ನಾನು ಬರೆಯೋದೇ ಇಲ್ಲ, ಅದು ನಿಮಗೂ ಗೊತ್ತು :-)

ನಾನಿರೋದು ಟೊರಾಂಟೋ ಪಕ್ಕದಲ್ಲಿ. ಹನ್ನೆರಡು ವರ್ಷದ ಮಗ ಐಸ್ ಹಾಕಿ ಆಡ್ತಾನೆ. ಹಾಕಿ ಅಂದ ಕೂಡಲೇ ಕೊಡಗು ನೆನಪಾಗುವವನು ನಾನು. ಆದರೂ ಮಗನ ದೆಸೆಯಿಂದ ಚಳಿಗಾಲದ ಶನಿವಾರ ಬೆಳಿಗ್ಗೆ ಆರಕ್ಕೇ ರಿಂಕಿನಲ್ಲಿ ಹಾಜರ್. ಮೊನ್ನೆ ಎದುರು ತಂಡದ ಹುಡುಗನೊಬ್ಬ ಕೈಗವಸು ಬಿಸಾಕಿ ಇವನ ಹೆಲ್ಮೆಟ್ಟಿಗೆ ಎರಡು ಗುದ್ದು ಗುದ್ದಿದ. ಪಕ್ಕದಲ್ಲಿ ಕಾಫಿ ಹಿಡಿದು ನಿಂತಿದ್ದ ಒಬ್ಬ ಅಪ್ಪ ಹೇಳಿದ: "ಇದೆಲ್ಲಾ ಬೇಕು ಕಣ್ರೀ. ಇದರಿಂದಲೇ ಲೀಡರ್ ಹುಟ್ಟೋದು. ಕ್ರೇಗ್ ಬೆರೂಬಿ ನೋಡಿ, ಹೊಡೆದಾಡಿಕೊಂಡೇ ಬೆಳೆದವನು, ಸ್ಟಾನ್ಲಿ ಕಪ್ ಗೆದ್ದ ಕೋಚ್ ಆಗಲಿಲ್ವಾ?"

ಅದೇ ವಾರ ನಮ್ಮ ಕನ್ನಡದವರ ಊಟದ ಮನೆಯಲ್ಲಿ ಇನ್ನೊಬ್ಬರು ಅದೇ ಹೆಸರು ಎತ್ತಿ ಉಲ್ಟಾ ಹೊಡೆದರು: "ಆ ರೌಡೀನ ತಂದು ಕೋಚ್ ಮಾಡಿದ್ರಲ್ಲ, ಇವರಿಗೆ ಬುದ್ಧಿ ಇತ್ತಾ?"

ನಾನಂತೂ ಹೇಳ್ತೀನಿ, ಇಬ್ಬರದೂ ತಪ್ಪು.

ಮೊದಲು ಈ ಬೆರೂಬಿ ಯಾರು ಅಂತ ನೋಡೋಣ. ಹುಟ್ಟಿದ್ದು 1965ರಲ್ಲಿ, ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಕ್ಯಾಲಹೂ ಅನ್ನೋ ಸಣ್ಣ ಹಳ್ಳೀಲಿ. ಕ್ರೀ ಮೂಲನಿವಾಸಿಗಳ ರಕ್ತ ಇರುವವನು. ಎನ್‌ಎಚ್‌ಎಲ್ ಡ್ರಾಫ್ಟಿನಲ್ಲಿ ಯಾರೂ ಈತನನ್ನು ಆರಿಸಲಿಲ್ಲ. 1986ರಲ್ಲಿ ಫಿಲಡೆಲ್ಫಿಯಾ ಫ್ಲೈಯರ್ಸ್ ಸುಮ್ಮನೆ ಕರೆದು ಸಹಿ ಹಾಕಿಸಿಕೊಂಡಿತು. ಅಲ್ಲಿಂದ 2003ರ ತನಕ ಐದು ತಂಡ, 17 ಸೀಸನ್, 1,054 ಆಟ. ಹೊಡೆದ ಗೋಲು ಎಷ್ಟು? ಬರೀ 61. ಪೆನಾಲ್ಟಿ ನಿಮಿಷ ಎಷ್ಟು? 3,149! ಒಂದು ಆಟ ಅಂದರೆ 60 ನಿಮಿಷ. ಲೆಕ್ಕ ಹಾಕಿ ನೋಡಿ, ಹೆಚ್ಚು ಕಡಿಮೆ ಐವತ್ತೆರಡು ಪೂರ್ತಿ ಆಟದಷ್ಟು ಹೊತ್ತು ಮಹಾನುಭಾವ ಪೆನಾಲ್ಟಿ ಪೆಟ್ಟಿಗೆಯಲ್ಲೇ ಕೂತಿದ್ದ!

ಇಂಥವರನ್ನು ಎನ್‌ಫೋರ್ಸರ್ ಅಂತಾರೆ. ತಂಡದ ಸ್ಟಾರ್ ಆಟಗಾರನ ಮೈ ಮುಟ್ಟಿದವನನ್ನು ಹಿಡಿದು ಬಡಿಯೋದು ಇವರ ಕೆಲಸ. ಮಂಜಿನ ಮೇಲೆ ಇಬ್ಬರು ಬಡಿದಾಡ್ತಾರೆ, ರೆಫರಿಗಳು ಸುತ್ತ ನಿಂತು ನೋಡ್ತಾರೆ, ಒಬ್ಬ ಬಿದ್ದ ಮೇಲೆ ಬಿಡಿಸ್ತಾರೆ, ಇಬ್ಬರಿಗೂ ಐದೈದು ನಿಮಿಷ ಶಿಕ್ಷೆ. ಜನ ಎದ್ದು ನಿಂತು ಚಪ್ಪಾಳೆ. ನಮ್ಮೂರ ಕೋಳಿ ಅಂಕಕ್ಕಾದರೂ ಪೊಲೀಸರ ಭಯ ಇದೆ...

ಈಗ "ರೌಡಿ" ಅಂದವರಿಗೆ ಉತ್ತರ. 2018ರ ನವೆಂಬರಿನಲ್ಲಿ ಸೇಂಟ್ ಲೂಯಿಸ್ ಬ್ಲೂಸ್ ತಂಡ ಕೋಚನ್ನು ಮನೆಗೆ ಕಳಿಸಿ ಬೆರೂಬಿಗೆ ತಾತ್ಕಾಲಿಕ ಪಟ್ಟ ಕಟ್ಟಿತು. 2019ರ ಜನವರಿ 3ರ ಬೆಳಿಗ್ಗೆ ಲೀಗಿನ 31 ತಂಡಗಳಲ್ಲಿ ಬ್ಲೂಸ್ ಕಟ್ಟಕಡೆಯದು. ಅದೇ ತಂಡ ಜೂನ್ 12ರಂದು ಬಾಸ್ಟನ್‌ನಲ್ಲಿ ಫೈನಲ್‌ನ ಏಳನೇ ಆಟವನ್ನು 4-1ರಲ್ಲಿ ಗೆದ್ದು, 1967ರಲ್ಲಿ ಶುರುವಾದಾಗಿನಿಂದ ಕೈಗೆ ಸಿಗದಿದ್ದ ಕಪ್ಪನ್ನು ಮೊದಲ ಸಲ ಎತ್ತಿತು.

ನಡುವೆ ಒಂದು ಸಂಗತಿ ಇದೆ. ಸೆಮಿಫೈನಲ್‌ನಲ್ಲಿ ಸ್ಯಾನ್ ಹೋಸೆ ವಿರುದ್ಧ ಮೂರನೇ ಆಟ. ಎದುರಾಳಿ ಕೈಯಿಂದ ಪಕ್ ತಳ್ಳಿದ, ರೆಫರಿಗಳು ಗಮನಿಸಲಿಲ್ಲ, ಓವರ್‌ಟೈಮಿನಲ್ಲಿ ಗೋಲಾಯಿತು, ಆಟ ಹೋಯಿತು. ಶುದ್ಧ ಅನ್ಯಾಯ. ಹಳೇ ಬೆರೂಬಿ ಆಗಿದ್ದರೆ ಕೈಗವಸು ಬಿಸಾಕುತ್ತಿದ್ದ. ಕೋಚ್ ಬೆರೂಬಿ ಹುಡುಗರಿಗೆ ಇದನ್ನು ಮರೆತು ಮುಂದಿನ ಆಟ ನೋಡಿ ಅಂದ. ಮುಂದಿನ ಮೂರೂ ಆಟ ಬ್ಲೂಸ್ ಗೆದ್ದಿತು. ರೌಡಿ ಮಾಡೋ ಕೆಲಸವಾ ಇದು?

ಹಾಗಾದರೆ ಹೊಡೆದಾಟವೇ ಈ ತಾಳ್ಮೆ ಕಲಿಸಿತು ಅನ್ನೋ ಕಾಫಿ ಅಪ್ಪನ ಮಾತು ನಿಜವಾ? ಖಂಡಿತಾ ಇಲ್ಲ. ಆಟ ಬಿಟ್ಟ ಮೇಲೆ ಈತ ಮಾಡಿದ್ದೇನು ನೋಡಿ. ಎರಡನೇ ದರ್ಜೆಯ ಲೀಗಿನಲ್ಲಿ ಫಿಲಡೆಲ್ಫಿಯಾದ ಮರಿ ತಂಡಕ್ಕೆ ಕೋಚ್. ಆಮೇಲೆ ಮೇಲಿನ ತಂಡದಲ್ಲಿ ವರ್ಷಗಟ್ಟಲೆ ಸಹಾಯಕ. 2013ರಲ್ಲಿ ಮುಖ್ಯ ಕೋಚ್, 2015ರಲ್ಲಿ ಕೆಲಸದಿಂದ ಔಟ್. ಮತ್ತೆ ಕೆಳಗಿಳಿದು ಶಿಕಾಗೋ ವುಲ್ವ್ಸ್ ತಂಡದಲ್ಲಿ ಹುಡುಗರ ಜೊತೆ ಮೊದಲಿನಿಂದ ಶುರು. ನಾಚಿಕೆ ಪಡದೆ ಮೆಟ್ಟಿಲು ಇಳಿದು ಮತ್ತೆ ಹತ್ತಿದ. ಇದರಲ್ಲಿ ಗುದ್ದು ಎಲ್ಲಿದೆ?

ಇನ್ನೊಂದು ನನ್ನ ಅಂದಾಜು. ಎನ್‌ಫೋರ್ಸರ್‌ಗೆ ಒಂದು ಆಟದಲ್ಲಿ ಸಿಗೋದು ಕೆಲವೇ ನಿಮಿಷ. ಉಳಿದ ಹೊತ್ತೆಲ್ಲ ಬೆಂಚಿನಲ್ಲಿ ಕೂತು ಬೇರೆಯವರ ಆಟ ನೋಡಬೇಕು. ಯಾರಿಗೆ ಭಯ, ಯಾರಿಗೆ ಸುಸ್ತು, ಯಾರಿಗೆ ಕೋಚ್ ಮೇಲೆ ಸಿಟ್ಟು, ಎಲ್ಲ ಅಲ್ಲಿಂದ ಕಾಣುತ್ತೆ. ಎತ್ತರದಲ್ಲಿ ಇರುವವರಿಗೆ ಕಾಣಲ್ಲ. ವೇಯ್ನ್ ಗ್ರೆಟ್ಸ್‌ಕಿ ಈ ಆಟದ ದೇವರು, 2,857 ಪಾಯಿಂಟ್, ಹತ್ತಿರ ಯಾರೂ ಸುಳಿದಿಲ್ಲ. 2005ರಿಂದ 2009ರ ತನಕ ಫೀನಿಕ್ಸ್ ತಂಡದ ಕೋಚ್ ಆಗಿದ್ದ. ನಾಲ್ಕು ಸೀಸನ್‌ನಲ್ಲಿ ಒಂದು ಸಲವೂ ಪ್ಲೇಆಫ್ ಮುಟ್ಟಲಿಲ್ಲ. ಬೆರೂಬಿಗೆ ನೆರವಾಗಿದ್ದು ಮುಷ್ಟಿಯಲ್ಲ, ಬೆಂಚು!

ಈಗ ನಿಜವಾದ ಸಿಟ್ಟಿಗೆ ಬರ್ತೀನಿ. ಬಾಬ್ ಪ್ರೋಬರ್ಟ್ ಅನ್ನೋನು ಇದ್ದ. 3,300 ಪೆನಾಲ್ಟಿ ನಿಮಿಷ, ಬೆರೂಬಿಯ ಕಾಲದವನೇ. 2010ರಲ್ಲಿ 45ನೇ ವಯಸ್ಸಿಗೆ ತೀರಿಕೊಂಡ. ಮೆದುಳು ಪರೀಕ್ಷೆ ಮಾಡಿದಾಗ ತಲೆಗೆ ಪದೇ ಪದೇ ಏಟು ಬಿದ್ದವರಿಗೆ ಬರುವ ಸಿಟಿಇ ಕಾಯಿಲೆ ಸಿಕ್ಕಿತು. ಡೆರೆಕ್ ಬೂಗಾರ್ಡ್ 2011ರ ಮೇ ತಿಂಗಳಲ್ಲಿ ನೋವಿನ ಮಾತ್ರೆ ಮತ್ತು ಕುಡಿತದ ಮಿಶ್ರಣಕ್ಕೆ ಬಲಿಯಾದ. ವಯಸ್ಸು 28. ಅವನ ಮೆದುಳಿನಲ್ಲೂ ಅದೇ ಕಾಯಿಲೆ. ಅದೇ ಆಗಸ್ಟಿನಲ್ಲಿ ರಿಕ್ ರಿಪಿಯನ್, 27. ವೇಡ್ ಬೆಲಾಕ್, 35. ನಾಲ್ಕು ತಿಂಗಳೊಳಗೆ ಮೂವರು ಹೊಡೆದಾಟಗಾರರು.

ಕಾಫಿ ಅಪ್ಪ ಇವರ ಹೆಸರು ಹೇಳಲಿಲ್ಲ. ಯಾಕೆ ಹೇಳ್ತಾನೆ? ಬಾವಿಗೆ ಬಿದ್ದ ಹತ್ತು ಜನರಲ್ಲಿ ಒಬ್ಬ ಹತ್ತಿ ಬಂದು ಈಜು ಮಾಸ್ತರ ಆದರೆ, ಊರಿನ ಮಕ್ಕಳನ್ನೆಲ್ಲ ಬಾವಿಗೆ ತಳ್ಳೋದಾ? ಬೆರೂಬಿ ಗೆದ್ದಿದ್ದು ಬೆರೂಬಿಯ ಗೆಲುವು. ಅದನ್ನು ಗುದ್ದಾಟದ ಜಾಹೀರಾತು ಮಾಡೋದು ಸತ್ತವರಿಗೆ ಮಾಡೋ ಅವಮಾನ.

"ಹೊಡೆದಾಟ ತೆಗೆದರೆ ಆಟವೇ ಸಾಯುತ್ತೆ" ಅನ್ನೋರಿಗೂ ಒಂದು ಮಾತು. ಕ್ವಿಬೆಕ್ ಜೂನಿಯರ್ ಲೀಗ್ 2023-24ರ ಸೀಸನ್‌ನಿಂದ ಬಡಿದಾಡಿದ ಹುಡುಗರನ್ನು ಆಟದಿಂದಲೇ ಹೊರಗೆ ಕಳಿಸುವ ನಿಯಮ ತಂದಿತು. ಆಟವೇನೂ ಸಾಯಲಿಲ್ಲ. ಜೂನಿಯರ್‌ಗಳಿಗೆ ಆಗೋದು ದೊಡ್ಡವರಿಗೆ ಯಾಕಾಗಲ್ಲ? ಟಿಕೆಟ್ ಮಾರಾಟ ಅನ್ನೋದು ಬಿಟ್ಟು ಬೇರೆ ಉತ್ತರ ಇದ್ದರೆ ಕೊಡಿ.

2024ರ ಮೇ ತಿಂಗಳಲ್ಲಿ ನಮ್ಮ ಟೊರಾಂಟೋ ಮೇಪಲ್ ಲೀಫ್ಸ್ ಬೆರೂಬಿಯನ್ನು ಕೋಚ್ ಆಗಿ ತಂದಾಗ ನಾನು ಖುಷಿಪಟ್ಟವನೇ. ತಮಾಷೆ ಅಂದರೆ ಇದೇ ತಂಡ 1992ರ ಜನವರಿಯಲ್ಲಿ ಹತ್ತು ಆಟಗಾರರ ಅದಲುಬದಲಿನಲ್ಲಿ ಈತನನ್ನು ಕ್ಯಾಲ್ಗರಿಗೆ ಸಾಗಹಾಕಿತ್ತು. ಗುದ್ದೋ ಕೈ ಎಲ್ಲಿ ಬೇಕಾದರೂ ಸಿಗುತ್ತೆ ಅಂತ ಆಗ ಅಂದುಕೊಂಡಿರಬೇಕು. ಆ ಕೈಯ ಮೇಲೊಂದು ತಲೆ ಇದೆ ಅನ್ನೋದು ಗೊತ್ತಾಗೋಕೆ ಮೂವತ್ತೆರಡು ವರ್ಷ ಹಿಡೀತು.

ಗುದ್ದು ತಿಂದ ಮಗ ಕಾರಿನಲ್ಲಿ ಕೇಳಿದ, "ಅಪ್ಪ, ನಾನೂ ವಾಪಸ್ ಹೊಡೀಬೇಕಿತ್ತಾ?" ಇಲ್ಲ ಕಣೋ ಅಂದೆ. ಅವನಿಗೆ ಸಮಾಧಾನ ಆದಂತೆ ಕಾಣಲಿಲ್ಲ. ಅದಕ್ಕೇ ಇಷ್ಟುದ್ದ ಬರೆದೆ, ಇನ್ನೊಂದು ನಾಲ್ಕು ವರ್ಷಕ್ಕೆ ಅವನೇ ಓದಿಕೊಳ್ಳಲಿ (ಕನ್ನಡ ಕಲಿತರೆ!).

ನೀವೇನಂತೀರಿ? ಬೈಯೋದಿದ್ದರೂ ಬೈಯಿರಿ, ಕೈಗವಸು ಮಾತ್ರ ಬಿಚ್ಚಬೇಡಿ :-)