ಹಾಡುವ ಮೊಬೈಲಿನ ಪರವಾಗಿ ಕೆಲವು ಮಾತು

ಪರಿಸರದ ಪತ್ರಿಕೆಯೊಂದರಲ್ಲಿ ಮೊಬೈಲ್ ದೂರವಾಣಿಯ ಪರವಾಗಿ ಬರೆಯುವುದು ತುಸು ಮುಜುಗರದ ಕೆಲಸವೇ ಸರಿ. ಗುಡ್ಡದ ನೆತ್ತಿಯ ಮೇಲೆದ್ದ ಗೋಪುರ, ಎರಡು ವರ್ಷಕ್ಕೊಮ್ಮೆ ಬದಲಾಗುವ ಯಂತ್ರ, ಹಳ್ಳದ ದಂಡೆಯಲ್ಲಿ ಬಿದ್ದಿರುವ ಬ್ಯಾಟರಿ, ಇವೆಲ್ಲವನ್ನೂ ಹುಟ್ಟಿಸಿದ ಕೊಳ್ಳುಬಾಕತನ: ಇವುಗಳನ್ನು ಟೀಕಿಸುತ್ತ ಬಂದವರು ನಾವು. ಆ ಟೀಕೆಯ ಒಂದಕ್ಷರವನ್ನೂ ಹಿಂತೆಗೆದುಕೊಳ್ಳುವ ಅಗತ್ಯ ನನಗೆ ಕಾಣುತ್ತಿಲ್ಲ. ಆದರೂ ಮೊಬೈಲುಗಳಲ್ಲಿಯೇ ಒಂದು ಜಾತಿಯಿತ್ತು. ಹಾಡು ಕೇಳಲೆಂದೇ ರೂಪುಗೊಂಡ ಆ ಪುಟ್ಟ ಯಂತ್ರಕ್ಕೆ ನಮ್ಮ ಹುಡುಗರು ‘ಮ್ಯೂಸಿಕ್ ಫೋನ್’ ಎನ್ನುತ್ತಿದ್ದರು. ಮಲೆನಾಡಿನ ಬದುಕಿಗೆ ಅದು ಹೊಂದಿಕೊಂಡಷ್ಟು ಅದರ ನಂತರ ಬಂದ ಯಾವ ಮೊಬೈಲೂ ಹೊಂದಿಕೊಂಡಿಲ್ಲ ಎಂಬುದು ನನ್ನ ಅಭಿಪ್ರಾಯ.

ಇಂದಿನ ವಿದ್ಯಾರ್ಥಿಗಳಿಗಾಗಿ ಸ್ವಲ್ಪ ಹಿನ್ನೆಲೆ. ಜಪಾನಿನ ಸೋನಿ ಸಂಸ್ಥೆ 1979ರಲ್ಲಿ ‘ವಾಕ್‌ಮನ್’ ಎಂಬ ಕೈಹಿಡಿ ಕ್ಯಾಸೆಟ್ ಯಂತ್ರವನ್ನು ತಂದಿತು. ಅದೇ ಹೆಸರನ್ನು ಹೊತ್ತು 2005ರಲ್ಲಿ ಸೋನಿ ಎರಿಕ್ಸನ್ನಿನ ಡಬ್ಲ್ಯು 800 ಎಂಬ ಮೊಬೈಲ್ ಬಂದಿತು. ಅದರೊಡನೆ 512 ಎಂಬಿಯ ಒಂದು ಸ್ಮೃತಿ ಕಾರ್ಡು. ಸಾಧಾರಣ ಗುಣಮಟ್ಟದ ಎಂಪಿ3 ಹಾಡು ನಿಮಿಷಕ್ಕೆ ಹೆಚ್ಚುಕಡಿಮೆ ಒಂದು ಎಂಬಿ ತಿನ್ನುತ್ತದೆ. ಅಂದರೆ ಬೆರಳುಗುರಿನ ಗಾತ್ರದಲ್ಲಿ ಸುಮಾರು ನೂರು ಹಾಡುಗಳು. 2007ರಲ್ಲಿ ನೋಕಿಯಾದ 5310 ಎಕ್ಸ್‌ಪ್ರೆಸ್ ಮ್ಯೂಸಿಕ್ ಬಂದಿತು, ಬಳಿಕ ಅದೇ ಸಾಲಿನ 5130. ಪರದೆಯ ಪಕ್ಕದಲ್ಲಿಯೇ ಹಾಡಿಗೆಂದು ಪ್ರತ್ಯೇಕ ಗುಂಡಿಗಳು. ಜೇಬಿನೊಳಗೇ ತಡವಿ, ಕಣ್ಣಿನಿಂದ ನೋಡದೆ ಹಾಡು ಬದಲಿಸಬಹುದಾಗಿತ್ತು. ಕೈ ಕೆಸರಾದವನಿಗೆ, ತಲೆಯ ಮೇಲೆ ಹುಲ್ಲಿನ ಹೊರೆ ಇರುವವನಿಗೆ ಇದರ ಬೆಲೆ ಗೊತ್ತು. ಗಾಜಿನ ಪರದೆಯನ್ನು ಸವರುವ ಇಂದಿನ ಮೊಬೈಲು ಒದ್ದೆ ಬೆರಳಿಗೆ ಸರಿಯಾಗಿ ಓಗೊಡುವುದೇ ಇಲ್ಲ.

ನಮ್ಮ ಕಡೆ ಮೊಬೈಲು ದೂರವಾಣಿಯಾಗಿ ಉಪಯೋಗಕ್ಕೆ ಬರುತ್ತಿದ್ದುದೇ ಕಡಿಮೆ. ಮಾತನಾಡಬೇಕಾದರೆ ಗುಡ್ಡ ಹತ್ತಬೇಕು, ಇಲ್ಲವೇ ಕೊಟ್ಟಿಗೆಯ ಹಿಂದಿನ ಒಂದು ನಿರ್ದಿಷ್ಟ ಕಲ್ಲಿನ ಮೇಲೆ ನಿಲ್ಲಬೇಕು. ಮನೆಯೊಳಗೆ ಅದು ಹಾಡಿನ ಪೆಟ್ಟಿಗೆ. ಸಂಕೇತ ಸಿಗದ ಜಾಗದಲ್ಲಿ ಮೊಬೈಲು ಗೋಪುರವನ್ನು ಮತ್ತೆ ಮತ್ತೆ ಹುಡುಕುತ್ತ ಬ್ಯಾಟರಿಯನ್ನು ಬೇಗ ಬರಿದು ಮಾಡಿಕೊಳ್ಳುತ್ತದೆ ಎಂಬುದು ಅನುಭವದಿಂದಲೇ ನಮಗೆಲ್ಲ ತಿಳಿದಿತ್ತು. ಡಬ್ಲ್ಯು 800 ಇದಕ್ಕೊಂದು ಉತ್ತರ ಕೊಟ್ಟಿತ್ತು. ಚಾಲೂ ಮಾಡಿದೊಡನೆ ಅದು ‘ಪೂರ್ಣ ದೂರವಾಣಿಯೋ, ಬರಿಯ ಸಂಗೀತವೋ’ ಎಂದು ಕೇಳುತ್ತಿತ್ತು. ಬರಿಯ ಸಂಗೀತವೆಂದರೆ ಗೋಪುರದ ಗೊಡವೆಯೇ ಇಲ್ಲ. ಯಾವುದೋ ದೇಶದಲ್ಲಿ ವಿಮಾನಯಾನಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಏರ್ಪಾಡು ನಮ್ಮ ಕಣಿವೆಗಳಲ್ಲಿ ವರವಾಯಿತು.

ಅಡಿಕೆ ಸುಲಿಯುವ ರಾತ್ರಿಗಳನ್ನು ನೆನಪಿಸಿಕೊಳ್ಳಿ. 1990ರಲ್ಲಿ ತೀರಿಕೊಂಡ ಕಾಳಿಂಗ ನಾವಡರ ಭಾಗವತಿಕೆ ಕ್ಯಾಸೆಟ್ಟಿನಿಂದ ಗಣಕಕ್ಕೆ, ಗಣಕದಿಂದ ಕಾರ್ಡಿಗೆ ಇಳಿದು, ಸುಲಿಯುವ ಮೆಟ್ಟುಗತ್ತಿಯ ಪಕ್ಕದಲ್ಲಿ ಸ್ಟೀಲಿನ ಲೋಟದೊಳಗೆ ಕುಳಿತ ಮೊಬೈಲಿನಿಂದ ಹೊಮ್ಮುತ್ತಿತ್ತು. (ಲೋಟ ಧ್ವನಿಯನ್ನು ಹೆಚ್ಚಿಸುತ್ತದೆಂಬುದನ್ನು ನಮ್ಮ ಮಕ್ಕಳಿಗೆ ಯಾವ ಭೌತಶಾಸ್ತ್ರದ ಮೇಷ್ಟ್ರೂ ಹೇಳಿಕೊಟ್ಟಿರಲಿಲ್ಲ.) 2006ರ ಕೊನೆಗೆ ‘ಮುಂಗಾರು ಮಳೆ’ ಬಂದ ಮೇಲಂತೂ ಜೋಗ, ಸಕಲೇಶಪುರಗಳಲ್ಲಿ ಚಿತ್ರೀಕರಿಸಿದ ಆ ಹಾಡುಗಳು ಅದೇ ಸೀಮೆಯ ಬಸ್ಸುಗಳಲ್ಲಿ ಜೇಬಿನಿಂದ ಜೇಬಿಗೆ ಬ್ಲೂಟೂತ್ ಮೂಲಕ ಹರಿದವು. ಎರಡು ಮೊಬೈಲುಗಳನ್ನು ಜಗಲಿಯ ಮೇಲೆ ಅಕ್ಕಪಕ್ಕ ಇಟ್ಟು, ಹಾಡು ದಾಟುವವರೆಗೆ ಕಾಯುತ್ತ ಹರಟುವುದು ಆ ಕಾಲದ ಒಂದು ಸಾಮಾಜಿಕ ಕ್ರಿಯೆ. ಪೇಟೆಯ ಅಂಗಡಿಗಳಲ್ಲಿ ಹಣ ಕೊಟ್ಟು ಕಾರ್ಡು ತುಂಬಿಸಿಕೊಂಡದ್ದರಲ್ಲಿ ಹಾಡು ಕಟ್ಟಿದವರಿಗೆ ಬಿಡಿಗಾಸೂ ಹೋಗಲಿಲ್ಲ ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು, ಅದು ನ್ಯಾಯವಾಗಿರಲಿಲ್ಲ. ಹಾಗೆಯೇ, ಎಫ್‌ಎಂ ಇತ್ತಾದರೂ ಕಿವಿತಂತಿ ಸಿಕ್ಕಿಸದೆ ಅದು ಉಸಿರೆತ್ತುತ್ತಿರಲಿಲ್ಲ, ಆ ತಂತಿಯೇ ಅದಕ್ಕೆ ಆಂಟೆನಾ. ಧಾರವಾಡ, ಭದ್ರಾವತಿಗಳ ಮಧ್ಯಮ ತರಂಗದ ಪ್ರಸಾರ ಅದರಲ್ಲಿ ಸಿಗುತ್ತಲೇ ಇರಲಿಲ್ಲ. ಹಾಗಾಗಿ ಅಜ್ಜಂದಿರು ತಮ್ಮ ರೇಡಿಯೋವನ್ನು ಬಿಟ್ಟುಕೊಡಲಿಲ್ಲ.

ನಾನು ಈ ಯಂತ್ರವನ್ನು ಹೊಗಳುವುದಕ್ಕೆ ಮುಖ್ಯ ಕಾರಣ ಅದರ ಬೆನ್ನು. ಉಗುರಿನಿಂದ ಮುಚ್ಚಳ ಸರಿಸಿದರೆ ಬ್ಯಾಟರಿ ಕೈಗೆ ಬರುತ್ತಿತ್ತು. ಆಷಾಢದ ಗಾಳಿಗೆ ಕಂಬ ಉರುಳಿ ವಾರಗಟ್ಟಲೆ ಕರೆಂಟು ಇಲ್ಲದಾಗ, ಪೇಟೆಯಲ್ಲಿ ತುಂಬಿಸಿ ತಂದ ಎರಡನೆಯ ಬ್ಯಾಟರಿ ಮನೆಯನ್ನು ಕಾಯುತ್ತಿತ್ತು. ಮೊಬೈಲು ನೀರಿಗೆ ಬಿದ್ದರೆ ಮೊದಲು ಬ್ಯಾಟರಿ ಕಿತ್ತು, ಬಿಡಿಭಾಗಗಳನ್ನು ಒಲೆಯಿಂದ ದೂರದ ಬೆಚ್ಚನೆಯ ಜಾಗದಲ್ಲಿ ಹರಡಿ ಒಣಗಿಸಬಹುದಾಗಿತ್ತು.

ಈ ಸಣ್ಣ ಮುಚ್ಚಳದ ಮಹತ್ವವನ್ನು ಎರಡು ಘಟನೆಗಳು ತೋರಿಸಿಕೊಟ್ಟಿವೆ. 2007ರ ಆಗಸ್ಟಿನಲ್ಲಿ ನೋಕಿಯಾ ತನ್ನ ಬಿಎಲ್-5ಸಿ ಎಂಬ ಬ್ಯಾಟರಿಗಳ ಪೈಕಿ 4 ಕೋಟಿ 60 ಲಕ್ಷದಷ್ಟು ಚಾರ್ಜ್ ಮಾಡುವಾಗ ಅತಿಯಾಗಿ ಬಿಸಿಯಾಗಬಹುದೆಂದು ಎಚ್ಚರಿಸಿತು. ಪರಿಹಾರವೇನು? ಮುಚ್ಚಳ ತೆಗೆದು, ಬ್ಯಾಟರಿಯ ಮೇಲಿನ ಸಂಖ್ಯೆಯನ್ನು ಪರೀಕ್ಷಿಸಿ, ಅದೊಂದನ್ನೇ ಬದಲಿಸಿಕೊಳ್ಳುವುದು. ಮೊಬೈಲುಗಳು ಮೊದಲಿನಂತೆಯೇ ಉಳಿದವು. ಒಂಬತ್ತು ವರ್ಷಗಳ ನಂತರ, 2016ರಲ್ಲಿ, ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7 ಎಂಬ ದುಬಾರಿ ಮೊಬೈಲಿನ ಬ್ಯಾಟರಿಗಳು ಹೊತ್ತಿಕೊಳ್ಳತೊಡಗಿದವು. ಅಲ್ಲಿ ಬ್ಯಾಟರಿಯನ್ನು ಒಡಲೊಳಗೇ ಬಂಧಿಸಲಾಗಿತ್ತು. ಸುಮಾರು 25 ಲಕ್ಷ ಮೊಬೈಲುಗಳನ್ನು ಇಡಿಯಾಗಿ ಹಿಂದಕ್ಕೆ ಕರೆಯಬೇಕಾಯಿತು. ಬದಲಿಗೆ ಕೊಟ್ಟವುಗಳಲ್ಲೂ ಬೆಂಕಿ ಕಾಣಿಸಿಕೊಂಡು ಆ ಮಾದರಿಯ ತಯಾರಿಕೆಯನ್ನೇ ನಿಲ್ಲಿಸಲಾಯಿತು. ಪರದೆ, ಕ್ಯಾಮೆರಾ, ಸ್ಮೃತಿ, ಎಲ್ಲವೂ ಸುಸ್ಥಿತಿಯಲ್ಲಿದ್ದರೂ ವ್ಯರ್ಥ. ಅದರೊಳಗಿನ ಕೋಬಾಲ್ಟಿಗಾಗಿ ಕಾಂಗೋ ದೇಶದಲ್ಲಿ ಯಾವ ನೆಲವನ್ನು ಅಗೆದರೋ, ಯಾರ ಮಕ್ಕಳು ಅಗೆದರೋ ಅದೂ ವ್ಯರ್ಥ. ಗಣಿಗಾರಿಕೆಯ ವಿರುದ್ಧ ದನಿಯೆತ್ತುವ ನಾವು ಗಣಿಯ ಕೊನೆಯ ತುದಿ ನಮ್ಮ ಜೇಬಿನಲ್ಲಿದೆ ಎಂಬುದನ್ನು ಮರೆಯುವಂತಿಲ್ಲ. ಒಂದು ಮೊಬೈಲು ಹತ್ತು ವರ್ಷ ಬಾಳಿದರೆ ಅಷ್ಟರಮಟ್ಟಿಗೆ ಅಗೆತ ತಪ್ಪುತ್ತದೆ.

ಬ್ಯಾಟರಿಯನ್ನು ಬಳಕೆದಾರನೇ ತೆಗೆದು ಬದಲಿಸುವಂತಿರಬೇಕೆಂದು ಐರೋಪ್ಯ ಒಕ್ಕೂಟ 2023ರಲ್ಲಿ ನಿಯಮ ಮಾಡಿತು; ಕೆಲವು ವಿನಾಯಿತಿಗಳೊಡನೆ ಅದು ಅನ್ವಯವಾಗುವ ದಿನಾಂಕ 2027ರ ಫೆಬ್ರವರಿ 18. ನಮ್ಮ ದೇಶದಲ್ಲಿ 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ‘ದುರಸ್ತಿಯ ಹಕ್ಕು’ ಕುರಿತು ಒಂದು ಜಾಲತಾಣ ತೆರೆಯಿತು. ಮಾಹಿತಿ ಕೊಡುವುದು ಒಳ್ಳೆಯದೇ. ಆದರೆ ಅಂಟು ಹಾಕಿ ಮುಚ್ಚಿದ ಯಂತ್ರವನ್ನು ಮಾಹಿತಿಯಿಂದ ಬಿಚ್ಚಲಾಗದು. ತೆಗೆಯಬಹುದಾದ ಬ್ಯಾಟರಿ ಕಾನೂನಿನ ಷರತ್ತಾಗಬೇಕು ಎಂಬ ಬೇಡಿಕೆಯನ್ನು ನಮ್ಮ ಗ್ರಾಮಸಭೆಗಳೂ ಠರಾವು ಮಾಡಿ ಕಳುಹಿಸಬಹುದಲ್ಲವೇ? ಇಂಥ ಯಂತ್ರಕ್ಕೆ ಈಗ ಗಿರಾಕಿಗಳಿಲ್ಲ ಎಂಬ ವಾದವನ್ನು ನಂಬಬೇಕಾಗಿಲ್ಲ. 2020ರಲ್ಲಿ 5310 ಎಂಬ ಅದೇ ಸಂಖ್ಯೆಯ, ಗುಂಡಿಗಳುಳ್ಳ, ಬ್ಯಾಟರಿ ಬಿಚ್ಚಬಹುದಾದ ಹೊಸ ನೋಕಿಯಾ ನಮ್ಮ ಮಾರುಕಟ್ಟೆಗೆ ಬಂದಿತ್ತು.

ಇಂದು ಹಾಡು ನಮ್ಮ ಬಳಿ ಇರುವುದಿಲ್ಲ. ಎಲ್ಲೋ ದೂರದ ಗಣಕಕೋಠಿಯಲ್ಲಿರುತ್ತದೆ, ಕೇಳಬೇಕೆನಿಸಿದಾಗಲೆಲ್ಲ ಗೋಪುರದ ಮೂಲಕ ಹರಿದು ಬರಬೇಕು. 2020-21ರಲ್ಲಿ ನಮ್ಮ ಮಕ್ಕಳು ಪಾಠಕ್ಕಾಗಿ ಕೊಡೆ ಹಿಡಿದು ಗುಡ್ಡದ ಮೇಲೆ ಕುಳಿತದ್ದನ್ನು ಕಂಡಿದ್ದೇವೆ. ಪಾಠಕ್ಕೆ ಬೇರೆ ದಾರಿಯಿರಲಿಲ್ಲ. ಹಾಡಿಗೂ ಅದೇ ಗತಿಯಾಗಬೇಕೆ? ಮೊಬೈಲ್ ಗೋಪುರ ಬೇಕೆಂಬ ಊರಿನವರ ಬೇಡಿಕೆಯನ್ನು ನಾನು ವಿರೋಧಿಸುತ್ತಿಲ್ಲ, ರಾತ್ರಿ ಹೊತ್ತು ಆಂಬುಲೆನ್ಸ್ ಕರೆಯಬೇಕಾದವರಿಗೆ ಅದರ ಕಷ್ಟ ಗೊತ್ತು. ನೂರು ಸಲ ಕೇಳಿದ ಹಾಡನ್ನು ನೂರೊಂದನೆಯ ಸಲವೂ ಗೋಪುರದಿಂದಲೇ ಎಳೆದು ತರುವುದು ದಂಡ ಎನ್ನುತ್ತೇನೆ, ಅಷ್ಟೆ.

ಕಿವಿತಂತಿಯ ಬಗ್ಗೆ ಒಂದು ಎಚ್ಚರಿಕೆ. ಆಲೂರು, ಸಕಲೇಶಪುರದ ಕಡೆಯ ತೋಟಗಳಲ್ಲಿ ಆನೆಯ ಇರವು ಮೊದಲು ತಿಳಿಯುವುದು ಕೊಂಬೆ ಮುರಿಯುವ ಸದ್ದಿನಿಂದ. ಎರಡೂ ಕಿವಿ ಮುಚ್ಚಿಕೊಂಡು ಕಾಫಿ ತೋಟದೊಳಗೆ ನಡೆಯುವುದು ಜೀವದೊಡನೆ ಆಟ. ಹಳ್ಳದ ಬದಿಯ ಸಿಳ್ಳಾರವೂ ಸುಮ್ಮನೆ ಸಿಳ್ಳೆ ಹಾಕುವುದಿಲ್ಲ. ಕಾಡಿನ ದಾರಿಯಲ್ಲಿ ಹಾಡು ಜೇಬಿನಲ್ಲಿಯೇ ಇರಲಿ.

ಇನ್ನು ತುರ್ತಾದ ವಿಷಯ. ಹಳೆಯ ಮ್ಯೂಸಿಕ್ ಫೋನುಗಳಲ್ಲಿ ಧ್ವನಿಮುದ್ರಣದ ಸೌಲಭ್ಯವಿತ್ತು. ದೀಪಾವಳಿಯ ರಾತ್ರಿ ದೀಪ ಹಿಡಿದು ಮನೆಯಿಂದ ಮನೆಗೆ ಬರುವ ಅಂಟಿಗೆ-ಪಂಟಿಗೆಯವರ ಪದಗಳನ್ನು, ನಾಟಿಯ ಪದಗಳನ್ನು, ಅಜ್ಜಿಯರ ಸೋಬಾನೆಯನ್ನು ನಮ್ಮ ಎಷ್ಟೋ ಹುಡುಗರು ಅವುಗಳಲ್ಲಿ ಹಿಡಿದಿಟ್ಟಿದ್ದರು. ಬಹುಪಾಲು ಇವು ಎಎಂಆರ್ ಎಂಬ ರೂಪದಲ್ಲಿವೆ. ಅದು ಮಾತಿಗಾಗಿ ಮಾಡಿದ ರೂಪ. ಸುಮಾರು 3400 ಹರ್ಟ್ಜ್‌ವರೆಗಿನ ನಾದವನ್ನು ಮಾತ್ರ ಉಳಿಸಿಕೊಳ್ಳುತ್ತದೆ. ತಾಳದ ಝಣತ್ಕಾರ ಮಂಕಾಗುತ್ತದೆ, ಕಂಠ ತೆಳುವಾಗುತ್ತದೆ. ಆದರೆ ಪದ ಉಳಿದಿದೆ, ಧಾಟಿ ಉಳಿದಿದೆ, ಹಾಡಿದವರಲ್ಲಿ ಹಲವರು ಉಳಿದಿಲ್ಲ. ಒಂದು ಗಂಟೆಯ ಅಂಥ ಮುದ್ರಣ ಐದೂವರೆ ಎಂಬಿಯಷ್ಟು, ಒಂದು ಸಿನಿಮಾ ಹಾಡಿನ ಗಾತ್ರ ಮಾತ್ರ. ಪೆಟ್ಟಿಗೆಯ ಮೂಲೆಯಲ್ಲಿ ವರ್ಷಾನುಗಟ್ಟಲೆ ಬಿದ್ದ ಮೊಬೈಲಿನ ಸ್ಮೃತಿಯಲ್ಲಿರುವ ವಿದ್ಯುದಂಶ ಮೆಲ್ಲನೆ ಸೋರಿ, ಅದರೊಡನೆ ಈ ಧ್ವನಿಗಳೂ ಅಳಿಸಿಹೋಗಬಹುದು.

ವಿದ್ಯಾರ್ಥಿ ಮಿತ್ರರು ಮುಂಬರುವ ರಜೆಯಲ್ಲಿ ತಮ್ಮ ತಮ್ಮ ಮನೆಯ ಹಳೆಯ ಮೊಬೈಲುಗಳನ್ನು ಹುಡುಕಿ ತೆಗೆಯಲಿ. ಬ್ಯಾಟರಿ ಉಬ್ಬಿದ್ದರೆ ಅದನ್ನು ಚಾರ್ಜಿಗೆ ಇಡಬಾರದು, ಚುಚ್ಚಬಾರದು, ಗೊಬ್ಬರ ಗುಂಡಿಗೆ ಎಸೆಯಲೂಬಾರದು. 2022ರ ನಿಯಮದ ಪ್ರಕಾರ ಹಳೆಯ ಬ್ಯಾಟರಿಯನ್ನು ಮರಳಿ ಪಡೆಯುವ ಹೊಣೆ ತಯಾರಕರದು, ಹಾಗಾಗಿ ಮಾರಿದ ಅಂಗಡಿಯವರನ್ನು ಕೇಳಿ. ಬದಲಿ ಬ್ಯಾಟರಿಗೆ ಪರದಾಡಬೇಕಾಗಿಲ್ಲ: ಬಿಎಲ್-5ಸಿ 5130ಕ್ಕೂ ಹೊಂದುತ್ತದೆ, ನೋಕಿಯಾದ ಬೇರೆ ಹಲವು ಮಾದರಿಗಳಿಗೂ ಹೊಂದುತ್ತದೆ. ಜಾತ್ರೆಯಲ್ಲಿ ಮಾರುವ ಪುಟ್ಟ ರೇಡಿಯೋಗಳಲ್ಲಿಯೂ ಅದೇ ಇರುವುದುಂಟು. ನೆರೆಮನೆಯವರಿಂದ ಒಂದು ಗಂಟೆಯ ಮಟ್ಟಿಗೆ ಕಡ ತನ್ನಿ. ಮೊಬೈಲು ಎಚ್ಚರಗೊಂಡರೆ ಮುದ್ರಣಗಳನ್ನು ಬ್ಲೂಟೂತ್ ಮೂಲಕವೋ ಕಾರ್ಡಿನ ಮೂಲಕವೋ ಎರಡು ಬೇರೆ ಬೇರೆ ಕಡೆ ಇಳಿಸಿ, ಮೂಲ ರೂಪವನ್ನು ಅಳಿಸದೆ ಇಡಿ. ಹಾಡಿದವರು ಯಾರು, ಯಾವ ಊರು, ಯಾವ ವರ್ಷದ ದೀಪಾವಳಿ ಎಂಬುದನ್ನು ಅವರ ಮನೆಯವರನ್ನೇ ಕೇಳಿ ಬರೆದುಕೊಳ್ಳಿ, ಇತರರಿಗೆ ಹಂಚುವ ಮುನ್ನ ಅವರ ಒಪ್ಪಿಗೆ ಪಡೆಯಿರಿ, ಮೊದಲ ಪ್ರತಿಯನ್ನು ಅವರಿಗೇ ಕೊಡಿ.