ಏಳು ನಿಮಿಷಗಳ ಬೆಲೆ

ಚನ್ನಪಟ್ಟಣವೆಂದೊಡನೆ ಬಣ್ಣದ ಬೊಂಬೆಗಳು ಕಣ್ಣ ಮುಂದೆ ಬರುವುದು ಸಹಜ. ಆದರೆ ಈ ಊರಿಗೆ ಇನ್ನೊಂದು ದಿನಚರಿಯೂ ಉಂಟು. ನಸುಕು ಹರಿಯುವ ಹೊತ್ತಿಗೆ ಅಧ್ಯಾಪಕರು, ಬ್ಯಾಂಕ್ ನೌಕರರು, ಕಾರ್ಖಾನೆಯ ತಂತ್ರಜ್ಞರು ಸುಮಾರು 60 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೊರಡುತ್ತಾರೆ; ದೀಪ ಹೊತ್ತಿಸುವ ಹೊತ್ತಿಗೆ ಮರಳುತ್ತಾರೆ. ರೈಲು, ಬಸ್ಸುಗಳನ್ನು ನಂಬಿದವರು ಹಲವರಾದರೆ, ಸ್ವಂತ ಕಾರನ್ನು ನೆಚ್ಚಿಕೊಂಡವರೂ ಕಡಿಮೆಯಲ್ಲ. ನಿತ್ಯ ಇಷ್ಟು ದೂರ ಕ್ರಮಿಸಬೇಕಾದವರು ಡೀಸೆಲ್ ಕಾರನ್ನು ಆರಿಸಿಕೊಳ್ಳುವುದು ಮಿತವ್ಯಯದ ಆಸೆಯಿಂದ. ಆದರೆ ಮಿತವ್ಯಯವು ಕಾರಿನೊಡನೆ ಅಂಗಡಿಯಲ್ಲಿ ದೊರೆಯುವ ವಸ್ತುವಲ್ಲ. ಅದು ಓಡಿಸುವವನ ಪಾದದಲ್ಲಿ, ಅದಕ್ಕೂ ಮಿಗಿಲಾಗಿ ಅವನ ಮನಸ್ಸಿನಲ್ಲಿ ಇರುವಂಥದು.

ಡೀಸೆಲ್ ಯಂತ್ರ ಹುಟ್ಟಿದ್ದೇ ಮಿತವ್ಯಯದ ಹಂಬಲದಿಂದ. ಉಗಿಯಂತ್ರಗಳು ಕಲ್ಲಿದ್ದಲಿನ ಶಾಖದ ಬಹುಪಾಲನ್ನು ವ್ಯರ್ಥಮಾಡುವುದನ್ನು ಕಂಡ ರುಡಾಲ್ಫ್ ಡೀಸೆಲ್ ಎಂಬ ಇಂಜಿನಿಯರ್ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ವರ್ಷಗಟ್ಟಲೆ ಶ್ರಮಿಸಿದನು. 1897ರಲ್ಲಿ ಅವನ ಯಂತ್ರವು ಇಂಧನದ ಶಾಖದಲ್ಲಿ ಕಾಲುಭಾಗಕ್ಕಿಂತ ತುಸು ಹೆಚ್ಚನ್ನು ದುಡಿಮೆಯಾಗಿ ಪರಿವರ್ತಿಸಿ ತೋರಿಸಿತು. ಇದರಲ್ಲಿ ಕಿಡಿ ಹಾರಿಸುವ ಸಾಧನವಿಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಕಾವಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಒತ್ತಡ ಹೆಚ್ಚಾದಷ್ಟೂ ಎಣ್ಣೆಯ ಸದುಪಯೋಗ ಹೆಚ್ಚು. ಇಂತಹ ಯಂತ್ರವನ್ನು ಕೈಯಲ್ಲಿ ಹಿಡಿದೂ ಎಣ್ಣೆಯನ್ನು ಪೋಲುಮಾಡುವುದು ಅದರ ಮೂಲ ಉದ್ದೇಶಕ್ಕೇ ಬಗೆದ ದ್ರೋಹ.

ಒಂದು ಕಾಲದಲ್ಲಿ ಡೀಸೆಲ್ಲಿಗೂ ಪೆಟ್ರೋಲಿಗೂ ಬೆಲೆಯಲ್ಲಿ ದೊಡ್ಡ ಅಂತರವಿತ್ತು. 2014ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು ಡೀಸೆಲ್ ಬೆಲೆಯ ಮೇಲಿನ ನಿಯಂತ್ರಣವನ್ನು ತೆಗೆದುಹಾಕಿತು. ಆ ಅಂತರ ಇಂದು ಬಹಳ ಕುಗ್ಗಿದೆ. ಅಗ್ಗದ ಎಣ್ಣೆಯ ಆಸರೆ ತಪ್ಪಿದ ಮೇಲೆ ಉಳಿದಿರುವುದು ಹಿತಮಿತವಾದ ಚಾಲನೆಯೊಂದೇ.

ಈ ವಿವೇಕಕ್ಕೆ ಹೊಸ ಪರೀಕ್ಷೆಯೊಂದು ಎದುರಾದದ್ದು 2023ರಲ್ಲಿ. ಆ ವರ್ಷದ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ಬಿಡದಿ, ರಾಮನಗರ, ಚನ್ನಪಟ್ಟಣಗಳ ಪೇಟೆಬೀದಿಗಳನ್ನೂ ಉಬ್ಬುತಗ್ಗುಗಳನ್ನೂ ಬದಿಗಿಟ್ಟು ಆರು ಪಥಗಳ ನೇರ ದಾರಿ ತೆರೆದುಕೊಂಡಿತು. ನಿಂತು ನಿಂತು ಸಾಗುವ ಕಷ್ಟ ತಪ್ಪಿದ್ದರಿಂದ ಎಣ್ಣೆ ಉಳಿಯಬೇಕಾಗಿತ್ತು. ಆದರೆ ತೆರೆದ ದಾರಿ ವೇಗದ ಚಪಲವನ್ನೂ ಜೊತೆಗೇ ತಂದಿತು. ಅದೇ ವರ್ಷ ಅಪಘಾತಗಳು ಮೇಲಿಂದ ಮೇಲೆ ಸಂಭವಿಸಿ, ಕಾರುಗಳಿಗೆ ಗಂಟೆಗೆ 100 ಕಿಲೋಮೀಟರಿನ ಮಿತಿಯನ್ನು ಬಿಗಿಯಾಗಿ ಜಾರಿಗೊಳಿಸಬೇಕಾಯಿತು.

ಇಲ್ಲಿ ಒಂದು ಸರಳ ಲೆಕ್ಕವನ್ನು ಗಮನಿಸಬೇಕು. ಚನ್ನಪಟ್ಟಣದಿಂದ ಕೆಂಗೇರಿಯ ಸಮೀಪದವರೆಗಿನ ತೆರೆದ ದಾರಿ ಸುಮಾರು 45 ಕಿಲೋಮೀಟರ್. ಗಂಟೆಗೆ 100ರ ವೇಗದಲ್ಲಿ ಸಾಗಿದರೆ 27 ನಿಮಿಷ, 80ರ ವೇಗದಲ್ಲಿ ಸುಮಾರು 34 ನಿಮಿಷ. ವ್ಯತ್ಯಾಸ ಏಳೇ ನಿಮಿಷ. ಆದರೆ ಗಾಳಿಯ ಪ್ರತಿರೋಧವು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ: 80ರಲ್ಲಿ ಎದುರಾಗುವ ತಡೆಗಿಂತ 100ರಲ್ಲಿ ಎದುರಾಗುವ ತಡೆ ಒಂದೂವರೆ ಪಟ್ಟಿಗೂ ಹೆಚ್ಚು. ಅದನ್ನು ಸೀಳಿಕೊಂಡು ಹೋಗಲು ಬೇಕಾದ ಬಲವೆಲ್ಲ ಎಣ್ಣೆಯಿಂದಲೇ ಬರಬೇಕು. ಹೀಗೆ ದುಬಾರಿ ಬೆಲೆ ತೆತ್ತು ಗಳಿಸಿದ ಏಳು ನಿಮಿಷಗಳು ನಗರದ ಮೊದಲ ಎರಡು ಮೂರು ಸಿಗ್ನಲ್‌ಗಳಲ್ಲಿ ಕಳೆದುಹೋಗುತ್ತವೆ.

“ಸುಂಕ ಕೊಟ್ಟು ಹೋಗುವ ದಾರಿ ಇದು. ವೇಗವಾಗಿ ಹೋಗದಿದ್ದರೆ ಸುಂಕವೇತಕ್ಕೆ?” ಎಂದು ಕೇಳುವವರಿದ್ದಾರೆ. ಪ್ರಶ್ನೆ ತಳ್ಳಿಹಾಕುವಂಥದಲ್ಲ. ಆದರೆ ಸುಂಕವು ಅಡೆತಡೆಯಿಲ್ಲದ ದಾರಿಗೆ ಸಲ್ಲುತ್ತದೆಯೇ ಹೊರತು ಅತಿವೇಗಕ್ಕಲ್ಲ. ಒಂದೇ ಸಮನಾದ ನಡಿಗೆಯೇ ಆ ಹಣಕ್ಕೆ ದೊರೆಯುವ ನಿಜವಾದ ಪ್ರತಿಫಲ. ಹತ್ತು ನಿಮಿಷ ಮುಂಚಿತವಾಗಿ ಮನೆಯಿಂದ ಹೊರಟವನಿಗೆ ಆತುರದ ಅಗತ್ಯವೇ ಬೀಳದು. ನಿಧಾನವಾಗಿ ಹೋಗುವವನು ಎಡಬದಿಯ ಪಥದಲ್ಲಿ ಸಾಗಿ ಇತರರಿಗೆ ದಾರಿ ಬಿಡಬೇಕೆಂಬುದೂ ಅಷ್ಟೇ ನಿಜ.

ತಿರುಗುವ ಮರದ ತುಂಡಿಗೆ ಅರಗಿನ ಕಡ್ಡಿಯನ್ನು ಒತ್ತುವ ಬೊಂಬೆಯ ಕುಶಲಕರ್ಮಿಯನ್ನು ಕಂಡವರಿಗೆ ಹದವೆಂದರೇನೆಂಬುದನ್ನು ಹೇಳಿಕೊಡಬೇಕಾಗಿಲ್ಲ. ಒತ್ತಡ ಹೆಚ್ಚಿದರೂ ಕೆಡುಕು, ಕಡಿಮೆಯಾದರೂ ಕೆಡುಕು. ಆಕ್ಸಿಲರೇಟರ್ ತುಳಿಯುವ ಪಾದಕ್ಕೂ ಇದೇ ಹದ ಬೇಕು. ಮುಂದೆ ಕೆಂಪು ದೀಪ ಕಂಡೊಡನೆ ಪಾದವನ್ನು ಸಡಿಲಿಸಿದರೆ ಬ್ರೇಕಿನಲ್ಲಿ ಸುಟ್ಟುಹೋಗುವ ಶಕ್ತಿ ಉಳಿಯುತ್ತದೆ. ಯಂತ್ರವು ಭೋರ್ಗರೆಯುವ ಮುನ್ನ ಮೇಲಿನ ಗೇರಿಗೆ ಹೋಗಬೇಕು. ಹಾಗೆಂದು ಅದು ನಡುಗುವಷ್ಟು ನಿಧಾನದಲ್ಲಿ ಮೇಲಿನ ಗೇರಿನಲ್ಲಿಡುವುದೂ ತರವಲ್ಲ. ವಾರಕ್ಕೊಮ್ಮೆ, ಗಾಲಿಗಳು ತಣ್ಣಗಿರುವಾಗ, ತಯಾರಕರು ಸೂಚಿಸಿದಷ್ಟು ಗಾಳಿ ಇದೆಯೇ ಎಂದು ನೋಡಬೇಕು. ವೃಥಾ ಭಾರವನ್ನೂ, ಬಳಸದ ಮೇಲ್ಛಾವಣಿಯ ಕ್ಯಾರಿಯರನ್ನೂ ತೆಗೆದಿಡಬೇಕು.

ಕೆಲವು ತಪ್ಪು ತಿಳಿವಳಿಕೆಗಳನ್ನೂ ಕಿತ್ತೊಗೆಯಬೇಕಾಗಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಚನ್ನಪಟ್ಟಣ ಅದಕ್ಕಿಂತ ನೂರೈವತ್ತು ಮೀಟರಿಗೂ ಹೆಚ್ಚು ತಗ್ಗಿನಲ್ಲಿದೆ. ಸಂಜೆಯ ಮರುಪಯಣದಲ್ಲಿ ಸಿಗುವ ಇಳಿಜಾರುಗಳಲ್ಲಿ ಗೇರನ್ನು ನ್ಯೂಟ್ರಲ್‌ಗೆ ತಂದರೆ ಎಣ್ಣೆ ಉಳಿಯುತ್ತದೆಂದು ನಂಬಿದವರು ಅನೇಕರು. ಆಧುನಿಕ ಡೀಸೆಲ್ ಯಂತ್ರದಲ್ಲಿ ಗೇರಿನಲ್ಲಿರುವಾಗಲೇ ಪಾದ ತೆಗೆದರೆ ಎಣ್ಣೆಯ ಸರಬರಾಜು ನಿಂತುಹೋಗುತ್ತದೆ. ನ್ಯೂಟ್ರಲ್‌ನಲ್ಲಾದರೋ ಯಂತ್ರವನ್ನು ಜೀವಂತವಾಗಿಡಲು ಎಣ್ಣೆ ಉರಿಯುತ್ತಲೇ ಇರುತ್ತದೆ. ಹಿಡಿತ ತಪ್ಪುವ ಅಪಾಯ ಬೇರೆ. ಎಣ್ಣೆಯ ಕೊಳವೆಗೆ ಕಟ್ಟುವ ಅಯಸ್ಕಾಂತಗಳಂತಹ ಪವಾಡಗಳಿಗೆ ಹಣ ತೆರುವುದೂ ವ್ಯರ್ಥ.

ಇನ್ನೊಂದು ಮಾತು. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿ.ಎಸ್. 6 ನಿಯಮದ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಸೋಸುಕವಿರುತ್ತದೆ. ಆ ಮಸಿ ಸುಟ್ಟು ಬರಿದಾಗಲು ಒಂದೇ ಸಮನಾದ ದೂರದ ಓಟ ಬೇಕು. ಆದ್ದರಿಂದ ಚನ್ನಪಟ್ಟಣದಿಂದ ಬೆಂಗಳೂರಿಗೆ ನಿತ್ಯ ಸಂಚರಿಸುವವನಿಗೆ ಡೀಸೆಲ್ ಕಾರು ಒಪ್ಪುತ್ತದೆ. ಊರೊಳಗೆ ಎರಡು ಮೂರು ಕಿಲೋಮೀಟರ್ ಓಡಾಡುವವನಿಗೆ ಅದು ಹೊರೆಯೇ ಸರಿ.

ಇದರಿಂದ ಉಳಿಯುವುದೆಷ್ಟು? ದಿನಕ್ಕೆ 120 ಕಿಲೋಮೀಟರಿನಂತೆ 250 ಕೆಲಸದ ದಿನಗಳಿಗೆ 30,000 ಕಿಲೋಮೀಟರ್ ಆಗುತ್ತದೆ. ಲೀಟರಿಗೆ 18 ಕಿಲೋಮೀಟರ್ ಓಡುತ್ತಿದ್ದ ಕಾರು 21 ಓಡಿತೆಂದರೆ ವರ್ಷಕ್ಕೆ ಸುಮಾರು 238 ಲೀಟರ್ ಉಳಿತಾಯ. ಲೀಟರಿಗೆ 90 ರೂಪಾಯಿ ಎಂದಿಟ್ಟುಕೊಂಡರೂ ಇಪ್ಪತ್ತೊಂದು ಸಾವಿರ ರೂಪಾಯಿಗಳನ್ನು ಮೀರುತ್ತದೆ. ಬಡ ವಿದ್ಯಾರ್ಥಿಗಳ ಪುಸ್ತಕ, ಸಮವಸ್ತ್ರಗಳಿಗೆ ನೆರವಾಗಬಲ್ಲ ಮೊತ್ತವಿದು. ಗಾಳಿಗೆ ಸೇರುವ ಇಂಗಾಲಾಮ್ಲವೂ ಆರುನೂರು ಕಿಲೋಗ್ರಾಂಗಿಂತ ಹೆಚ್ಚು ತಗ್ಗುತ್ತದೆ. ಕಚ್ಚಾತೈಲದ ಅಗತ್ಯದಲ್ಲಿ ಶೇಕಡಾ 85ಕ್ಕಿಂತ ಹೆಚ್ಚನ್ನು ಹೊರದೇಶಗಳಿಂದ ತರಿಸಿಕೊಳ್ಳುವ ಭಾರತಕ್ಕೆ ಇದು ಸಣ್ಣ ಸೇವೆಯಲ್ಲ. ಹನಿ ಹನಿಗೂಡಿದರೆ ಹಳ್ಳವೆಂಬ ಮಾತು ಡೀಸೆಲ್ಲಿಗೂ ಅನ್ವಯಿಸುತ್ತದೆ.

ಆದರೆ ಲೆಕ್ಕವಿಡದೆ ಉಳಿತಾಯ ತಿಳಿಯದು. ಟ್ಯಾಂಕನ್ನು ಪೂರ್ತಿ ತುಂಬಿಸಿದಾಗಲೆಲ್ಲ ಓಡಿದ ದೂರವನ್ನೂ ತುಂಬಿದ ಲೀಟರನ್ನೂ ಒಂದು ಕಿರುಪುಸ್ತಕದಲ್ಲಿ ಬರೆದಿಡುವವನಿಗೆ ತನ್ನ ಪಾದದ ಗುಣದೋಷಗಳು ತಾವಾಗಿಯೇ ಗೋಚರಿಸುತ್ತವೆ. ಎಲ್ಲಕ್ಕಿಂತ ಮಿಗಿಲಾದ ಉಳಿತಾಯವೆಂದರೆ ಖಾಲಿಯಾಗಿರುವ ಆಸನಗಳನ್ನು ತುಂಬುವುದು. ಒಂದೇ ದಿಕ್ಕಿಗೆ ಹೋಗುವ ನಾಲ್ವರು ನಾಲ್ಕು ಕಾರುಗಳನ್ನು ಬಿಟ್ಟು ಒಂದರಲ್ಲಿ ಕುಳಿತರೆ ಯಾವ ಯಂತ್ರವೂ ಕೊಡಲಾರದ ಮಿತವ್ಯಯ ಸಾಧ್ಯವಾಗುತ್ತದೆ.

ವೇಗವನ್ನು ಯಂತ್ರ ಕೊಡುತ್ತದೆ. ಸಂಯಮವನ್ನು ಮನುಷ್ಯನೇ ತರಬೇಕು. ಸಂಜೆ ಏಳು ನಿಮಿಷ ತಡವಾಗಿಯಾದರೂ ಕ್ಷೇಮವಾಗಿ ಬಾಗಿಲು ತಟ್ಟುವವನಿಗಾಗಿ ಮನೆಯವರು ಸಂತೋಷದಿಂದಲೇ ಕಾಯುತ್ತಾರೆ. ಬಾರದೆ ಹೋದವನ ಮನೆಯಲ್ಲಿ ಕಾಯುವಿಕೆಗೆ ಕೊನೆಯೇ ಇಲ್ಲ. ಏಳು ನಿಮಿಷಗಳ ನಿಜವಾದ ಬೆಲೆಯನ್ನು ಅಳೆಯಬೇಕಾದುದು ಅಲ್ಲಿ.